ಮೂರನೇ ತರಗತಿಯ ಹಾಜರಿ

ಹಳೆಯ ಪೇಪರಿನ ಹಾಳೆಯೊಂದನ್ನು ಚೌಕವಾಗಿ ಕತ್ತರಿಸಬೇಕು. ಒಮ್ಮೆ ಅಡ್ಡ ಮಡಚಬೇಕು, ಇನ್ನೊಮ್ಮೆ ಉದ್ದ. ನಾಲ್ಕು ಪದರ ಆಗುತ್ತದೆ. ಅದರ ಒಂದು ಮೂಲೆಗೆ ದಬ್ಬಣದಿಂದ ತೂತು ಹಾಕಬೇಕು. ಬಿಚ್ಚಬಾರದು. ಬಿಚ್ಚಿದರೆ ಎಷ್ಟು ತೂತು ಕಾಣುತ್ತವೆ, ಎಲ್ಲೆಲ್ಲಿ ಕಾಣುತ್ತವೆ?

ಎಷ್ಟು ಅನ್ನುವುದು ಸುಲಭ. ನಾಲ್ಕು. ಕಷ್ಟ ಇರುವುದು ಎಲ್ಲೆಲ್ಲಿ ಅನ್ನುವುದರಲ್ಲಿ. ಮಡಿಕೆಗಳು ಕೂಡಿದ ಮೂಲೆಗೆ ಚುಚ್ಚಿದರೆ ನಾಲ್ಕೂ ತೂತು ಹಾಳೆಯ ನಡುವೆ ಗುಂಪಾಗಿ ಬರುತ್ತವೆ. ಬಿಡಿಬಿಡಿಯಾಗಿರುವ ಮೂಲೆಗೆ ಚುಚ್ಚಿದರೆ ಒಂದೊಂದು ಒಂದೊಂದು ದಿಕ್ಕಿಗೆ ಹೋಗಿ ನಿಲ್ಲುತ್ತವೆ. ಉಳಿದೆರಡು ಮೂಲೆಗೆ ಚುಚ್ಚಿದರೆ ಅಂಚಿನಲ್ಲಿ ಜೋಡಿ ಜೋಡಿ. ಇದನ್ನೆಲ್ಲ ಈಗ ಸರಾಗವಾಗಿ ಬರೆಯುತ್ತಿದ್ದೇನೆ. ಆದರೆ 2024ರ ಜೂನ್‌ನಲ್ಲಿ ಮೊದಲ ವಾರವಿಡೀ ನಾನು ಹಾಳೆ ಬಿಚ್ಚಿ ನೋಡಿಯೇ ಉತ್ತರ ಹೇಳುತ್ತಿದ್ದೆ.

ಬೀದರ್ ಜಿಲ್ಲೆಯ ಹುಮನಾಬಾದ್ ಕಡೆಯ ಒಂದು ಹಳ್ಳಿ ನಮ್ಮದು. ಅಲ್ಲಿನ ಅರಿವು ಕೇಂದ್ರವನ್ನು ನಾನು ನೋಡಿಕೊಳ್ಳುತ್ತೇನೆ. ಅರಿವು ಕೇಂದ್ರ ಅಂದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ. ನಾಲ್ಕು ಕಪಾಟು ಪುಸ್ತಕ, ದಿನಾ ಬರುವ ಪತ್ರಿಕೆಗಳು, ಒಂದು ಕಂಪ್ಯೂಟರ್. ಸಾಲಿ ಬಿಟ್ಟ ಮೇಲೆ ಮಕ್ಕಳು ಬರುತ್ತಾರೆ. ಆ ಜೂನ್‌ನಲ್ಲಿ ನನ್ನ ಮಗಳು ಐದನೇ ತರಗತಿಗೆ ಕಾಲಿಟ್ಟಿದ್ದಳು. ಅವಳ ಜೊತೆ ಸದಾ ಇರುತ್ತಿದ್ದವಳು ನಮ್ಮ ಹಿಂದಿನ ಓಣಿಯ ಗೆಳತಿ. ಇಬ್ಬರೂ ಒಂದೇ ಬೆಂಚು, ಒಂದೇ ಬಾವಿಗಟ್ಟೆ.

ಆ ಗೆಳತಿ ಹಾಳೆ ಬಿಚ್ಚುತ್ತಿರಲಿಲ್ಲ. ಮಡಚಿದ ಪೇಪರಿನ ಮೇಲೆ ಬೆರಳು ಸವರಿ, ಅಂಚು ಎಲ್ಲಿ ಮುಚ್ಚಿದೆ, ಎಲ್ಲಿ ತೆರೆದಿದೆ ಅಂತ ಮುಟ್ಟಿ ನೋಡಿ, "ದೊಡ್ಡವ್ವ, ಇದು ನಡುವ ಬರ್ತಾವ್ ನೋಡು, ನಾಕೂ ಒಂದೇ ಕಡಿ" ಅನ್ನುತ್ತಿದ್ದಳು. ಮೂರು ಸಲ ಮಡಚಿ ಕೊಟ್ಟೆ. ಎಂಟು ಅಂದಳು. ಎಲ್ಲೆಲ್ಲಿ ಅಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚುಕ್ಕೆ ಇಟ್ಟು ತೋರಿಸಿದಳು. ಬಿಚ್ಚಿ ನೋಡಿದರೆ ಎಂಟಕ್ಕೆ ಎಂಟೂ ಸರಿ.

ಯಾರು ಕಲಿಸಿದರು ಅಂತ ಕೇಳಿದೆ. "ನಮ್ಮಾಯಿ ಕೌದಿ ಹೊಲಿತಾಳಲ್ಲ" ಅಂದಳು. ಹೌದು, ಅವಳ ಅಜ್ಜಿ ಊರಿಗೆಲ್ಲ ಕೌದಿ ಹೊಲಿದು ಕೊಡುವವಳು. ಹಳೆ ಸೀರೆ, ಹಳೆ ಧೋತರ ಮಡಚಿ, ಮೂಲೆಗೆ ಕತ್ತರಿ ಹಾಕಿ, ಬಿಚ್ಚಿದಾಗ ಹೂವಿನ ಆಕಾರ ಬರುವ ಹಾಗೆ ತುಂಡು ಮಾಡಿ ಕೂರಿಸುತ್ತಾಳೆ. ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡು ಕೂರುವುದು ಈ ಮೊಮ್ಮಗಳ ಕೆಲಸ. ನಾನು ಪುಸ್ತಕ ತಂದು ಕಲಿಸಬೇಕಾಗಿದ್ದನ್ನು ಅವಳು ಕಟ್ಟೆಯ ಮೇಲೆ ಕೂತು ಕಲಿತಿದ್ದಳು.

ಇಷ್ಟೆಲ್ಲ ಮಡಚುವುದು, ಚುಚ್ಚುವುದು ನಡೆದದ್ದು ನವೋದಯ ಶಾಲೆಯ ಪ್ರವೇಶ ಪರೀಕ್ಷೆಗಾಗಿ.

ನಮ್ಮ ಕಡೆ ಐದನೇ ತರಗತಿಯ ಮಗು ಇರುವ ಮನೆಯಲ್ಲಿ ಆ ವರ್ಷ ಓಡಾಡುವ ಮಾತು ಅದೊಂದೇ. "ನವೋದಯ ತುಂಬಿಸೀರಿ?" ಸಂತೆಯಲ್ಲಿ ಕೇಳುತ್ತಾರೆ, ಮದುವೆ ಮನೆಯಲ್ಲಿ ಕೇಳುತ್ತಾರೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಬಂದ ಶಾಲೆಗಳಿವು. ಅದಕ್ಕೂ ಸ್ವಲ್ಪ ಮೊದಲೇ, 1985-86ರಲ್ಲಿ, ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಪ್ರಯೋಗಕ್ಕೆಂದು ಎರಡು ಶಾಲೆ ತೆರೆದಿದ್ದರು. ಹಳ್ಳಿಯ ಶಾಣ್ಯಾ ಮಕ್ಕಳಿಗೆ, ಅಪ್ಪನ ಕೈಯಲ್ಲಿ ಹಣ ಇರಲಿ ಬಿಡಲಿ, ಒಳ್ಳೆಯ ಶಾಲೆ ಸಿಗಬೇಕು ಅನ್ನುವುದು ಉದ್ದೇಶ. ಆರರಿಂದ ಹನ್ನೆರಡನೇ ತರಗತಿವರೆಗೆ ಅಲ್ಲೇ ಇದ್ದು ಓದುವುದು. ಊಟ, ವಸತಿ, ಬಟ್ಟೆ, ಪುಸ್ತಕ ಎಲ್ಲ ಸರ್ಕಾರದ್ದೇ. ಒಂಬತ್ತರಿಂದ ಮೇಲೆ ಕೆಲವರು ತಿಂಗಳಿಗೆ ಇಷ್ಟು ಅಂತ ವಿಕಾಸ ನಿಧಿ ಅನ್ನುವ ಶುಲ್ಕ ಕಟ್ಟಬೇಕು. ಹೆಣ್ಣುಮಕ್ಕಳು ಅದನ್ನೂ ಕಟ್ಟಬೇಕಿಲ್ಲ. ನಮ್ಮ ಜಿಲ್ಲೆಯ ನವೋದಯ ಇರುವುದು ಬಸವಕಲ್ಯಾಣದ ಹತ್ತಿರ, ನಾರಾಯಣಪುರದಲ್ಲಿ.

ಒಂದು ಶಾಲೆಗೆ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳು. ಬೀದರಿನಿಂದ ಔರಾದ್‌ವರೆಗೆ, ಭಾಲ್ಕಿಯಿಂದ ಹುಮನಾಬಾದ್‌ವರೆಗೆ ಎಲ್ಲ ಹಳ್ಳಿಗಳ ಐದನೇ ತರಗತಿಯ ಮಕ್ಕಳ ಕಣ್ಣು ಆ 80ರ ಮೇಲೆ. ಅದರಲ್ಲಿ ಕಡಿಮೆಯೆಂದರೂ ನೂರಕ್ಕೆ 75 ಸೀಟು ಹಳ್ಳಿಯ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಪರೀಕ್ಷೆ ಒಂದೇ ಸಲ. ಒಮ್ಮೆ ಬರೆದವರು ಇನ್ನೊಮ್ಮೆ ಬರೆಯುವಂತಿಲ್ಲ. ಹತ್ತು ವರ್ಷದ ಮಗುವಿನ ಮುಂದೆ "ಇದೊಂದೇ ಸಲ" ಅನ್ನುವ ಮಾತು ಆಡಬಾರದು ಅಂತ ನಾನು ಹಟ ಹಿಡಿದಿದ್ದೆ. ಆದರೆ ಊರೇ ಆಡುತ್ತಿತ್ತು.

ಕೋಚಿಂಗ್ ವಿಷಯ ಬೇಗ ಮುಗಿಸುತ್ತೇನೆ. ಪಟ್ಟಣದಲ್ಲಿ ನಾಲ್ಕನೇ ತರಗತಿಯಿಂದಲೇ ಮಕ್ಕಳನ್ನು ಇಟ್ಟುಕೊಂಡು ತಯಾರು ಮಾಡುವವರಿದ್ದಾರೆ. ಒಂದು ಕಡೆ ವಿಚಾರಿಸಿದೆ. ಅವರು ಹೇಳಿದ ಹಣ ನನ್ನ ನಾಲ್ಕು ತಿಂಗಳ ಗೌರವಧನ. ಬಿಟ್ಟೆ. ನನಗೆ ಹಣಕ್ಕಿಂತ ಜಾಸ್ತಿ ಕಾಡಿದ್ದು ಬೇರೆ. ಉಚಿತ ಶಾಲೆಗೆ ಹೋಗುವ ದಾರಿಯಲ್ಲೇ ಹಣದ ಗೇಟು ಹಾಕಿದರೆ ಆ ಶಾಲೆ ಯಾರಿಗಾಗಿ ಹುಟ್ಟಿತೋ ಅವರು ಹೊರಗೇ ನಿಲ್ಲುತ್ತಾರೆ, ಅಲ್ವಾ? ಅದಕ್ಕೇ ನಮ್ಮ ಕೇಂದ್ರದಲ್ಲೇ ಸಂಜೆ ಕೂರಿಸೋಣ, ಬಂದವರೆಲ್ಲ ಬರಲಿ ಅಂದುಕೊಂಡೆ. ಏಳು ಮಕ್ಕಳು ಬಂದರು.

ಪರೀಕ್ಷೆಯ ಲೆಕ್ಕ ಹೀಗಿದೆ. ಎರಡು ತಾಸು, 80 ಪ್ರಶ್ನೆ, 100 ಅಂಕ. ಮಾನಸಿಕ ಸಾಮರ್ಥ್ಯದ್ದು 40, ಗಣಿತ 20, ಭಾಷೆ 20. ತಪ್ಪಿಗೆ ಅಂಕ ಕಳೆಯುವುದಿಲ್ಲ. ಕನ್ನಡದಲ್ಲೇ ಬರೆಯಬಹುದು. ನಮ್ಮ ಗಡಿ ಭಾಗದ ಮರಾಠಿ ಸಾಲಿಯ ಮಕ್ಕಳು ಮರಾಠಿಯಲ್ಲಿ, ಉರ್ದು ಸಾಲಿಯವರು ಉರ್ದುವಿನಲ್ಲಿ ಬರೆಯುತ್ತಾರೆ. ಒಟ್ಟು ಅಂಕದಲ್ಲಿ ಅರ್ಧ ಇರುವುದು ಆ ಮಾನಸಿಕ ಸಾಮರ್ಥ್ಯದಲ್ಲಿ. ಅಲ್ಲಿ ಅಕ್ಷರವೇ ಇಲ್ಲ, ಬರೀ ಚಿತ್ರ. ಗುಂಪಿಗೆ ಸೇರದ್ದು ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಅರ್ಧ ಚೌಕ ಪೂರ್ತಿ ಮಾಡುವ ತುಂಡು ಯಾವುದು, ಮಡಚಿ ತೂತು ಮಾಡಿದ ಹಾಳೆ ಬಿಚ್ಚಿದರೆ ಹೇಗಿರುತ್ತದೆ. ಮನೆಯಲ್ಲಿ ಪುಸ್ತಕ ಇಲ್ಲದ ಮಗುವಿಗೂ ಇದು ಸಾಧ್ಯ ಆಗಲಿ ಅಂತಲೇ ಹೀಗೆ ಮಾಡಿರಬೇಕು ಅನ್ನಿಸಿತು. ಆ ಗೆಳತಿಯನ್ನು ನೋಡಿದ ಮೇಲೆ ಅದು ನಿಜ ಅಂತಲೂ ಅನ್ನಿಸಿತು. ಏಳು ಮಕ್ಕಳಲ್ಲಿ ಅವಳೇ ಮುಂದು. ನನ್ನ ಮಗಳು ಗಣಿತದಲ್ಲಿ ಚುರುಕು, ಚಿತ್ರದಲ್ಲಿ ಎಡವುತ್ತಿದ್ದಳು. ಗೆಳತಿ ಅವಳಿಗೆ ಹೇಳಿಕೊಡುತ್ತಿದ್ದಳು. ಕಣ್ಣಿನಿಂದ ನೋಡಬೇಡ, ಕೈಯಿಂದ ನೋಡು ಅನ್ನುತ್ತಿದ್ದಳು.

ಜುಲೈನಲ್ಲಿ ಅರ್ಜಿ ಶುರುವಾಯಿತು. ಅರ್ಜಿಗೆ ಒಂದು ರೂಪಾಯಿಯೂ ಇಲ್ಲ. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ತುಂಬಿಕೊಡುವ ಅಂಗಡಿಯವರು ತೆಗೆದುಕೊಳ್ಳುವುದು ಅವರ ಕೂಲಿ, ಸರ್ಕಾರದ ಶುಲ್ಕ ಅಲ್ಲ. ಹೇಗೂ ಕೇಂದ್ರದಲ್ಲಿ ಕಂಪ್ಯೂಟರ್ ಇತ್ತು, ನಾನೇ ತುಂಬಿಸುತ್ತೇನೆ ಅಂತ ಎಲ್ಲರಿಗೂ ಹೇಳಿದೆ. ಆಮೇಲೆ ನಿಯಮಗಳನ್ನು ಒಂದೊಂದಾಗಿ ಓದಲು ಕೂತೆ. ಆಗ ನನಗೆ ಅರ್ಥವಾಯಿತು, ಪರೀಕ್ಷೆ ಬರೆಯುವುದು ಮಗು, ಆದರೆ ಅದಕ್ಕೂ ಮೊದಲು ಒಂದು ಪರೀಕ್ಷೆ ಮನೆಗೆ ಇರುತ್ತದೆ ಅಂತ. ಮತ್ತು ಆ ಪರೀಕ್ಷೆ ಎರಡು ವರ್ಷ ಹಿಂದೆಯೇ ಶುರುವಾಗಿರುತ್ತದೆ.

ನಿಯಮ ಇದು. ಮಗು ಅದೇ ಜಿಲ್ಲೆಯಲ್ಲಿ ಐದನೇ ತರಗತಿ ಓದುತ್ತಿರಬೇಕು, ಅದೇ ಜಿಲ್ಲೆಯ ನಿವಾಸಿ ಆಗಿರಬೇಕು. ಮೂರು, ನಾಲ್ಕು, ಐದನೇ ತರಗತಿಗಳನ್ನು ಸರ್ಕಾರಿ ಅಥವಾ ಮಾನ್ಯತೆ ಇರುವ ಶಾಲೆಯಲ್ಲಿ, ಪ್ರತಿ ವರ್ಷ ಪೂರ್ತಿ ಶೈಕ್ಷಣಿಕ ಅವಧಿ ಓದಿರಬೇಕು. ಹಳ್ಳಿ ಕೋಟಾ ಬೇಕಾದರೆ ಆ ಮೂರೂ ವರ್ಷ ಹಳ್ಳಿ ಶಾಲೆಯಲ್ಲೇ ಇರಬೇಕು. ಆ ಮೂರು ವರ್ಷದಲ್ಲಿ ಒಂದು ದಿನ ಪಟ್ಟಣದ ಶಾಲೆಯಲ್ಲಿ ಓದಿದ್ದರೂ ಮಗು ಪಟ್ಟಣದ ಲೆಕ್ಕಕ್ಕೆ ಹೋಗುತ್ತದೆ. ಇದಕ್ಕೆಲ್ಲ ಹೆಡ್ ಮಾಸ್ತರರು ಒಂದು ಪ್ರಮಾಣಪತ್ರ ತುಂಬಿ, ಸಹಿ ಮಾಡಿ ಕೊಡಬೇಕು. ಅದನ್ನು ಅರ್ಜಿಯ ಜೊತೆ ಹಾಕಬೇಕು.

ಮೊದಲ ಪೆಟ್ಟು ಬಿದ್ದದ್ದು ನಮ್ಮ ಮೇಲಿನ ಓಣಿಯ ಒಂದು ಮನೆಗೆ. ಮಗನಿಗೆ ಇಂಗ್ಲಿಷ್ ಬರಲಿ ಅಂತ ಮೂರನೇ ತರಗತಿಗೆ ಪಟ್ಟಣದ ಶಾಲೆಗೆ ಹಾಕಿದ್ದರು. ವರ್ಷ ಪೂರ್ತಿ ವ್ಯಾನಿನಲ್ಲಿ ಓಡಾಡಿದ. ಫೀಸು ಕಟ್ಟಲಾಗದೆ ಮತ್ತೆ ಊರಿನ ಸಾಲಿಗೆ ತಂದು ಹಾಕಿದರು. ಹುಟ್ಟಿದ್ದು, ಬೆಳೆದದ್ದು, ದಿನಾ ಮಲಗಿದ್ದು ಇದೇ ಊರಿನಲ್ಲಿ. ಆದರೆ ಲೆಕ್ಕಕ್ಕೆ ಪಟ್ಟಣದವನು. ಅವನ ಅಪ್ಪ ನನ್ನ ಎದುರು ಕೂತು, "ಅಕ್ಕೋರೆ, ನಾ ಅವ್ನ ಸಲುವಾಗೇ ಸಾಲ ಮಾಡಿ ಹಾಕಿದ್ದೆ" ಅಂದ. ಆ ಸಾಲ ಇನ್ನೂ ತೀರಿರಲಿಲ್ಲ. ಹುಡುಗ ಪರೀಕ್ಷೆ ಬರೆಯಬಹುದಿತ್ತು, ಬರೆದ ಕೂಡ. ಆದರೆ ಅವನಿಗೆ ತೆರೆದಿದ್ದ ಬಾಗಿಲು ಚಿಕ್ಕದಾಗಿತ್ತು.

ನಮ್ಮ ಮನೆಯದು ಚಿಕ್ಕ ತೊಡಕು. ಆಧಾರಿನಲ್ಲಿ ಮಗಳ ಹೆಸರಿನ ಇಂಗ್ಲಿಷ್ ಅಕ್ಷರ ಒಂದು ಜಾಸ್ತಿ ಇತ್ತು, ಶಾಲೆಯ ದಾಖಲೆಯಲ್ಲಿ ಒಂದು ಕಡಿಮೆ. ಮೂರು ಸಲ ಹೋಗಿ ಬಂದು ಸರಿ ಮಾಡಿಸಿದೆ. ಶಕ್ತಿ ಯೋಜನೆಯ ಪುಣ್ಯಕ್ಕೆ ಬಸ್ಸಿಗೆ ಹಣ ಹೋಗಲಿಲ್ಲ, ಮೂರು ದಿನ ಹೋದವು.

ನಾನು ಹೇಳಬೇಕೆಂದಿರುವುದು ಆ ಗೆಳತಿಯ ಅರ್ಜಿಯ ಬಗ್ಗೆ.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರವೇ ಘೋಷಿಸಿದ ವರ್ಷ ಅದು. ಆ ಹುಡುಗಿಯ ಮನೆಯವರಿಗಿರುವುದು ಎರಡೆಕರೆ. ಸೋಯಾ ಕಾಳು ಕಟ್ಟಲಿಲ್ಲ, ತೊಗರಿ ಒಣಗಿತು. ದೀಪಾವಳಿ ಮುಗಿಯುತ್ತಲೇ ಗಂಡ ಹೆಂಡತಿ ಇಬ್ಬರೂ ಪುಣೆಗೆ ಹೋದರು. ಕಟ್ಟಡದ ಕೆಲಸ. ಅವನು ಗಾರೆ ಕೆಲಸಕ್ಕೆ, ಅವಳು ಬಿಗಾರಿಗೆ. ಎರಡು ವರ್ಷದ ಗಂಡುಕೂಸನ್ನು ನೋಡಿಕೊಳ್ಳಲು ಮಗಳನ್ನೂ ಕರೆದುಕೊಂಡು ಹೋದರು. ಅವಳು ಆಗ ನಾಲ್ಕನೇ ತರಗತಿ. ಯುಗಾದಿಗೆ ವಾಪಸ್ ಬಂದರು. ಅಷ್ಟು ತಿಂಗಳು ಅವಳು ತಗಡಿನ ಶೆಡ್ಡಿನ ಮುಂದೆ ತಮ್ಮನನ್ನು ಸೊಂಟದ ಮೇಲೆ ಇಟ್ಟುಕೊಂಡು ಕಟ್ಟಡ ಏಳುವುದನ್ನು ನೋಡುತ್ತಿದ್ದಳಂತೆ. ಯಾವ ಅಂತಸ್ತಿಗೆ ಎಷ್ಟು ಕಿಟಕಿ, ಹಿಂಬದಿಯಿಂದ ನೋಡಿದರೆ ಮೆಟ್ಟಿಲು ಯಾವ ಕಡೆ, ಎಲ್ಲ ಅವಳಿಗೆ ಬಾಯಿಪಾಠ. ಊರಿಗೆ ಬಂದ ಮೇಲೆ ಐದನೇ ತರಗತಿಗೆ ಹಾಕಿಕೊಂಡರು. ಓದು ಹಿಂದೆ ಬಿದ್ದಿತ್ತು, ಎರಡು ತಿಂಗಳಲ್ಲಿ ಹಿಡಿದಳು.

ಪ್ರಮಾಣಪತ್ರಗಳನ್ನು ತೆಗೆದುಕೊಂಡು ಸಾಲಿಗೆ ಹೋದೆ. ಮಾಸ್ತರರು ಏಳರಲ್ಲಿ ಆರಕ್ಕೆ ಸಹಿ ಮಾಡಿದರು. ಏಳನೆಯದನ್ನು ಪಕ್ಕಕ್ಕೆ ಇಟ್ಟು ಕಪಾಟಿನಿಂದ ಹಿಂದಿನ ವರ್ಷದ ಹಾಜರಿ ಪುಸ್ತಕ ತೆಗೆದರು. ನನ್ನ ಕಡೆ ತಿರುಗಿಸಿ ಇಟ್ಟರು. ನೀಲಿ ಶಾಯಿಯಲ್ಲಿ ಗೆರೆ ಎಳೆದ ಪುಟ. ನವೆಂಬರ್‌ನ ಮೂರನೇ ವಾರದಿಂದ ಅವಳ ಹೆಸರಿನ ಮುಂದೆ ಗೈರು, ಗೈರು, ಗೈರು. ಡಿಸೆಂಬರ್ ಪುಟ ಪೂರ್ತಿ. ಜನವರಿ ಪೂರ್ತಿ. ಅವಳ ಮೇಲಿನ ಸಾಲಿನಲ್ಲಿ ನನ್ನ ಮಗಳ ಹೆಸರು, ಪ್ರತಿ ಚೌಕದಲ್ಲೂ ಹಾಜರಿ.

"ಪೂರ್ತಿ ಅವಧಿ ಅಂತ ನಾ ಹೆಂಗ ಬರೀಲಿ, ಹೇಳ್ರಿ ನೀವೇ" ಅಂದರು.

"ಬರೆದುಬಿಡ್ರಿ ಸರ್. ಆ ಹುಡುಗಿ ಎಂಥಾಕಿ ಅಂತ ನಿಮಗೂ ಗೊತ್ತೈತಿ" ಅಂದೆ. ಹೌದು, ನಾನೇ ಕೇಳಿದೆ. ಸುಳ್ಳು ಬರೆಯಿರಿ ಅಂತ ಕೇಳುತ್ತಿದ್ದೇನೆ ಅಂತ ನನಗೆ ಗೊತ್ತಿತ್ತು.

ಅವರು ಸಿಟ್ಟು ಮಾಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೆಲೆಕ್ಟ್ ಆದ ಮ್ಯಾಲ ದಾಖಲೆ ಒಂದೊಂದೇ ನೋಡ್ತಾರ. ಪೆಟ್ಟಿಗಿ ಹೊತ್ಕೊಂಡು ಹೋದ ಕೂಸಿಗೆ ಆವಾಗ ಇಲ್ಲ ಅಂದ್ರ, ಅದರ ಮುಂದ ಯಾರು ನಿಂದರ್ತೀರಿ? ನಾನೋ, ನೀವೋ?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಅವರು ಮಾಡಿದ್ದೇ ಸರಿ ಅಂತ ಒಪ್ಪುತ್ತೇನೆ. ಸುಳ್ಳು ಪ್ರಮಾಣಪತ್ರ ಕೊಡುವವರು ಇಲ್ಲದೆ ಇಲ್ಲ. ಅವರಿಂದಾಗಿಯೇ ಪಟ್ಟಣದ ಮಕ್ಕಳು ಹಳ್ಳಿಯವರಾಗಿ ಹಳ್ಳಿಯ ಸೀಟು ತೆಗೆದುಕೊಳ್ಳುವುದು. ಆ ನಿಯಮ ಇರುವುದೇ ಅಂಥವರನ್ನು ತಡೆಯಲು. ತಡೆಯಲಿ. ಆದರೆ ಬಲೆ ಹಾಕಿದ್ದು ಯಾರಿಗೋ, ಬಿದ್ದದ್ದು ಈ ಕೂಸು. ಪಟ್ಟಣದ ದೊಡ್ಡ ಶಾಲೆಯಲ್ಲಿ ಕದ್ದು ಓದಿ ಬಂದವಳಲ್ಲ ಅವಳು. ಯಾವ ಶಾಲೆಯಲ್ಲೂ ಓದದೆ ಬಂದವಳು.

ಸಂಜೆ ಅವಳ ಅವ್ವನಿಗೆ ಹೇಳಲು ಹೋದೆ. ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ ಕೇಳಿಸಿಕೊಂಡಳು. "ಅಕ್ಕಾ, ಆವಾಗ ಯಾರಾದ್ರೂ ಒಂದ್ ಮಾತು ಹೇಳಿದ್ರ ಆಯಿ ಹಂತ್ಯಾಕ ಬಿಟ್ಟು ಹೋಗ್ತಿದ್ದೆ" ಅಂದಳು. ಇಷ್ಟೇ. ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ರೊಟ್ಟಿ ತಿರುವಿ ಹಾಕಿದಳು. ನಾನು ಅಲ್ಲೇ ಕೂತು ಹಿಟ್ಟಿನ ಪರಾತ ನೋಡುತ್ತಿದ್ದೆ. 2023ರ ನವೆಂಬರ್‌ನಲ್ಲಿ ಅವರು ಗಂಟು ಕಟ್ಟಿಕೊಂಡು ಹೋಗುವಾಗ ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಬಂದವಳು ನಾನೇ. ಹುಷಾರು ಅಂದಿದ್ದೆ, ಕೂಸಿಗೆ ಶೇಂಗಾದ ಉಂಡಿ ಕೊಟ್ಟಿದ್ದೆ. ನಾಲ್ಕನೇ ತರಗತಿಯ ಗೈರುಹಾಜರಿ ಐದನೇ ತರಗತಿಯ ಬಾಗಿಲು ಮುಚ್ಚುತ್ತದೆ ಅಂತ ಆಗ ನನಗೂ ಗೊತ್ತಿರಲಿಲ್ಲ. ಗ್ರಂಥಾಲಯ ನೋಡಿಕೊಳ್ಳುವ ನನಗೆ ಗೊತ್ತಿಲ್ಲದ್ದು ಅವಳಿಗೆ ಎಲ್ಲಿಂದ ಗೊತ್ತಾಗಬೇಕು?

ಆದರೂ ಆ ಹುಡುಗಿ ಸಂಜೆ ಬರುವುದು ಬಿಡಲಿಲ್ಲ. ಪರೀಕ್ಷೆ ಇಲ್ಲ ಅಂತ ಗೊತ್ತಿದ್ದೂ ಬಂದಳು. ಉತ್ತರ ಗುರುತು ಮಾಡುವ ಓಎಂಆರ್ ಹಾಳೆಯ ಗುಂಡಗಿನ ಜಾಗ ತುಂಬುವುದನ್ನು ಕಲಿತಳು. ನಾನು ಝೆರಾಕ್ಸ್ ಮಾಡಿಸುವಾಗ ಏಳೇ ಪ್ರತಿ ಮಾಡಿಸುತ್ತಿದ್ದೆ. ಒಂದು ದಿನ ಮಗಳು ಕೇಳಿದಳು, "ಅವ್ವ, ಆಕಿಗ್ಯಾಕ ಇಲ್ಲ?" ಸಾಲಿ ತಪ್ಪಿಸಿದ್ದಕ್ಕೆ ಅಂದೆ. "ಆಕಿ ತಪ್ಪಿಸಿಲ್ಲ, ಅವರೇ ಕರ್ಕೊಂಡು ಹೋಗಿದ್ರು" ಅಂದಳು. ಹತ್ತು ವರ್ಷದ ಮಗುವಿಗೆ ಕಾಣುವ ಈ ವ್ಯತ್ಯಾಸಕ್ಕೆ ಪ್ರಮಾಣಪತ್ರದಲ್ಲಿ ಒಂದು ಕಾಲಂ ಇಲ್ಲ.

ಆ ವರ್ಷದ ದೀಪಾವಳಿ ಆದ ಮೇಲೆ ಮತ್ತೆ ಗಂಟು ಕಟ್ಟಿದರು. ಬೆಳೆ ಬಂದಿತ್ತು, ಆದರೆ ಹಿಂದಿನ ವರ್ಷದ ಸಾಲ ತೀರಿರಲಿಲ್ಲ. ಈ ಸಲ ನಾನು ಅಡ್ಡ ನಿಂತೆ. ಅವಳ ಆಯಿಯ ಜೊತೆ, ಅವಳ ಅಪ್ಪನ ಜೊತೆ ಎರಡು ದಿನ ಮಾತಾಡಿದೆ. ಗಂಡುಕೂಸಿಗೆ ಮೂರು ತುಂಬಿತ್ತು. ಅವನನ್ನೂ ಇಲ್ಲೇ ಬಿಡಿ, ಅಂಗನವಾಡಿಗೆ ಹೋಗಲಿ, ಮಧ್ಯಾಹ್ನದ ಮೇಲೆ ಕೇಂದ್ರದಲ್ಲೇ ಆಡಿಕೊಂಡಿರಲಿ ಅಂದೆ. ಒಪ್ಪಿದರು. ಐದನೇ ತರಗತಿಯನ್ನು ಅವಳು ಒಂದು ದಿನವೂ ತಪ್ಪಿಸದೆ ಮುಗಿಸಿದಳು. ಆ ವರ್ಷ ಅದು ಅವಳಿಗೆ ಯಾವ ಅರ್ಜಿಗೂ ಉಪಯೋಗಕ್ಕೆ ಬರಲಿಲ್ಲ. ಆದರೂ ಮುಗಿಸಿದಳು.

ಪರೀಕ್ಷೆ ಇದ್ದದ್ದು 2025ರ ಜನವರಿ 18, ಶನಿವಾರ. ತೊಗರಿ ರಾಶಿಯ ಸಮಯ. ಅರ್ಧ ಅಪ್ಪಂದಿರು ಹೊಲದ ದೂಳು ಮೈಮೇಲೆ ಇಟ್ಟುಕೊಂಡೇ ಬಂದಿದ್ದರು. ಹನ್ನೊಂದೂವರೆಗೆ ಶುರು, ಒಂಬತ್ತಕ್ಕೇ ಗೇಟಿನ ಮುಂದೆ ಜನ. ಕನ್ನಡ, ಮರಾಠಿ, ದಖನಿ ಎಲ್ಲ ಒಂದೇ ನೆರಳಿನಲ್ಲಿ. ಒಬ್ಬ ಅಜ್ಜ ಮೊಮ್ಮಗನ ಎರಡೂ ಅಂಗೈಗೆ ವಿಭೂತಿ ಹಚ್ಚುತ್ತಿದ್ದ. ಪಕ್ಕದಲ್ಲೇ ಬುರ್ಖಾ ಹಾಕಿದ ತಾಯಿಯೊಬ್ಬಳು ಮಗಳ ಪೆನ್ನು ಬರೆಯುತ್ತದೋ ಇಲ್ಲವೋ ಅಂತ ತನ್ನ ಕೈಮೇಲೆ ಗೀಚಿ ನೋಡುತ್ತಿದ್ದಳು. ಒಳಗೆ ಹೋಗುವಾಗ ನನ್ನ ಮಗಳು ತಿರುಗಿ ನೋಡಲಿಲ್ಲ. ನಾನು ಎರಡು ತಾಸು ಬೇವಿನ ಮರದ ಬುಡದಲ್ಲಿ ಕೂತಿದ್ದೆ. ಯಾರೋ ಚುರಮುರಿ ಕೊಟ್ಟರು, ತಿಂದೆನೋ ಇಲ್ಲವೋ ನೆನಪಿಲ್ಲ. ಹೊರಗೆ ಬಂದವಳು ಮೊದಲು ಹೇಳಿದ್ದು, "ಮಡಚೂದು ನಾಕಕ್ಕೆ ನಾಕೂ ಬಂದ್ವು. ಕೈಯಿಂದ ನೋಡಿದೆ."

ಮಾರ್ಚ್ ಕೊನೆಯಲ್ಲಿ ಫಲಿತಾಂಶ ಬಂತು. ಆಯ್ಕೆಯಾಗಿದ್ದಳು. ನಮ್ಮ ಏಳು ಮಕ್ಕಳಲ್ಲಿ ಬರೆದವರು ಆರು, ಸಿಕ್ಕಿದ್ದು ಅವಳೊಬ್ಬಳಿಗೆ.

ಊರಿನವರು ಪೇಢೆ ಹಂಚಿದರು. ನಮ್ಮ ಮನೆಯಲ್ಲಿ ಮಾತ್ರ ಒಂದು ವಾರ ಮಾತು ಗಟ್ಟಿಯಾಗಿಯೇ ನಡೆಯಿತು. ಅತ್ತೆಗೆ ಒಪ್ಪಿಗೆ ಇರಲಿಲ್ಲ. "ಹತ್ತು ವರ್ಷದ ಕೂಸು, ರಾತ್ರಿ ಎದ್ದು ಅವ್ವ ಅಂದ್ರ ಯಾರು ಓ ಅಂತಾರ?" ಅಂತ ಕೇಳಿದರು. ಒಂಬತ್ತನೇ ತರಗತಿಯಲ್ಲಿ ಕೆಲವು ಮಕ್ಕಳನ್ನು ಒಂದು ವರ್ಷ ಹಿಂದಿ ರಾಜ್ಯದ ನವೋದಯಕ್ಕೆ ಕಳಿಸುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ ಅಂತ ಯಾರೋ ಹೇಳಿದ ಮೇಲಂತೂ ಊಟ ಬಿಟ್ಟರು. ಅವರ ಪ್ರಶ್ನೆಯನ್ನು ತಳ್ಳಿ ಹಾಕುವಂಥದ್ದು ಅಂತ ನನಗೆ ಅನ್ನಿಸಲಿಲ್ಲ. ಸೀಟು ಸಿಕ್ಕಿತು ಅಂದ ಮಾತ್ರಕ್ಕೆ ಕಳಿಸಲೇಬೇಕಾ? ಮಗಳನ್ನೇ ಕೇಳಿದೆವು. ಹೋಗುತ್ತೇನೆ ಅಂದಳು, ಸ್ವಲ್ಪ ಹೊತ್ತು ಬಿಟ್ಟು ಅತ್ತಳು, ಮತ್ತೆ ಹೋಗುತ್ತೇನೆ ಅಂದಳು. ಜುಲೈನಲ್ಲಿ ಟ್ರಂಕು, ಬಕೆಟ್, ಹಾಸಿಗೆ ಹೊತ್ತುಕೊಂಡು ಬಸವಕಲ್ಯಾಣದ ಬಸ್ ಹತ್ತಿದೆವು. ದಾಖಲೆ ನೋಡುವ ಮೇಜಿನ ಮುಂದೆ ಅವರು ನಿಜವಾಗಿಯೂ ಒಂದೊಂದೇ ಹಾಳೆ ನೋಡಿದರು. ಮೂರು, ನಾಲ್ಕು, ಐದು. ದಿನಾಂಕಗಳ ಮೇಲೆ ಬೆರಳು ಓಡಿಸಿದರು. ಮಾಸ್ತರರ ಮಾತು ಆಗ ನೆನಪಾಯಿತು.

ವಾಪಸ್ ಬರುವಾಗ ನನ್ನ ತಲೆಯಲ್ಲಿ ಇದ್ದದ್ದು ಬರೀ ಮಗಳಲ್ಲ.

ಆ ಗೆಳತಿಗೆ ಬೇರೆ ಯಾವ ದಾರಿ ಇದೆ ಅಂತ ಬೇಸಿಗೆಯಿಂದಲೇ ಹುಡುಕುತ್ತಿದ್ದೆ. ಆರನೇ ತರಗತಿಗೆ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿವೆ, ಆದರ್ಶ ವಿದ್ಯಾಲಯವೂ ಇದೆ. ಅವಕ್ಕೂ ಪ್ರವೇಶ ಪರೀಕ್ಷೆ, ಅವಕ್ಕೂ ಅರ್ಜಿ. ನವೋದಯದ ಒಂದು ಅರ್ಜಿ ತಪ್ಪಿದ ಬೇಸರದಲ್ಲಿ ನಾವು ಅವುಗಳ ಗಡುವನ್ನು ನೋಡಲೇ ಇಲ್ಲ. ಇದು ನನ್ನ ತಪ್ಪು, ಅವಳದ್ದಲ್ಲ. ಕೊನೆಗೆ ಉಳಿದದ್ದು ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ. 2004ರಲ್ಲಿ ಶುರುವಾದ ಯೋಜನೆ. ಶಾಲೆ ಬಿಟ್ಟ, ಬಿಡುವ ಹಾಗಿರುವ ಬಡ ಮನೆಯ ಹೆಣ್ಣುಮಕ್ಕಳಿಗೆ ಆರನೇ ತರಗತಿಯಿಂದ ವಸತಿ ಶಾಲೆ. ಅಲ್ಲಿ ಹಾಜರಿ ಇಲ್ಲದ್ದೇ ಅರ್ಹತೆ. ಯಾವ ಪುಟ ನೋಡಿ ನವೋದಯದ ಬಾಗಿಲು ಮುಚ್ಚಿತ್ತೋ ಅದೇ ಪುಟ ತೋರಿಸಿದ ಮೇಲೆ ಇಲ್ಲಿ ಸೇರಿಸಿಕೊಂಡರು.

ಇದು ನನ್ನನ್ನು ಇವತ್ತಿಗೂ ಬಿಡದ ವಿಷಯ. ಶಾಣ್ಯಾ ಮಕ್ಕಳಿಗೆ ಅಂತ ಒಂದು ಶಾಲೆ. ಸಾಲಿ ತಪ್ಪಿದ ಮಕ್ಕಳಿಗೆ ಅಂತ ಇನ್ನೊಂದು ಶಾಲೆ. ಎರಡನ್ನೂ ಮಾಡಿದವರ ಮನಸ್ಸು ಒಳ್ಳೆಯದೇ. ಆದರೆ ಒಂದೇ ಮಗು ಶಾಣ್ಯಾಕಿಯೂ ಆಗಿರಬಹುದು, ಸಾಲಿ ತಪ್ಪಿದವಳೂ ಆಗಿರಬಹುದು ಅನ್ನುವ ಯೋಚನೆ ಎಲ್ಲೂ ಕಾಣುವುದಿಲ್ಲ. ನಮ್ಮ ಬೀದರ್, ಕಲಬುರಗಿ, ಯಾದಗಿರಿಯ ಹಳ್ಳಿಗಳಲ್ಲಿ ಅಂಥ ಮಕ್ಕಳು ಓಣಿಗೊಬ್ಬರು ಸಿಗುತ್ತಾರೆ. ಪುಣೆ, ಮುಂಬೈ, ಹೈದರಾಬಾದಿಗೆ ಅರ್ಧ ವರ್ಷ, ಊರಿನಲ್ಲಿ ಅರ್ಧ ವರ್ಷ. ಇಂಥ ಮಕ್ಕಳಿಗೂ ಆ ಪರೀಕ್ಷೆ ಬರೆಯಲು ಬಿಡಬೇಕು. ದುಡಿಯಲು ಹೋದ ಮನೆಯ ಮಗು ಅಂತ ಪಂಚಾಯಿತಿ ಬರೆದುಕೊಟ್ಟರೆ ಆ ಗೈರುಹಾಜರಿಯನ್ನು ಮಾಫಿ ಮಾಡಬೇಕು. ಯಾರು ಪಟ್ಟಣದ ಶಾಲೆಯಲ್ಲಿ ಓದಿದರು, ಯಾರು ಎಲ್ಲೂ ಓದಲಿಲ್ಲ ಅನ್ನುವುದನ್ನು ಬೇರೆ ಮಾಡುವುದು ಅಷ್ಟೇನೂ ಕಷ್ಟದ ಕೆಲಸ ಅಲ್ಲ.

ಕಸ್ತೂರಬಾದಲ್ಲಿ ಅವಳು ಚೆನ್ನಾಗಿದ್ದಾಳೆ. ನಾನು ಹೋಗಿ ನೋಡಿ ಬಂದೆ. ಮೇಡಂ ಒಬ್ಬರು ಅವಳ ಗಣಿತದ ನೋಟ್ ತೋರಿಸಿದರು. ನವೋದಯದ ಬಾಗಿಲೂ ಪೂರ್ತಿ ಮುಚ್ಚಿಲ್ಲ. ಒಂಬತ್ತನೇ ತರಗತಿಯಲ್ಲಿ ಖಾಲಿ ಉಳಿದ ಸೀಟುಗಳಿಗೆ ಇನ್ನೊಂದು ಪರೀಕ್ಷೆ ಇರುತ್ತದೆ. ಅದೇ ಜಿಲ್ಲೆಯಲ್ಲಿ ಎಂಟನೇ ತರಗತಿ ಓದುತ್ತಿರುವ ಮಕ್ಕಳು ಬರೆಯಬಹುದು. ಎರಡೂವರೆ ತಾಸು, 100 ಪ್ರಶ್ನೆ. ಗಣಿತ 35, ವಿಜ್ಞಾನ 35, ಇಂಗ್ಲಿಷ್ 15, ಹಿಂದಿ 15. ಅಲ್ಲಿ ಮಡಚುವ ಹಾಳೆ ಇಲ್ಲ. ಖಾಲಿ ಸೀಟು ಎಷ್ಟು ಇರುತ್ತವೋ ಆ ವರ್ಷವೇ ಗೊತ್ತಾಗಬೇಕು. ಅವಳಿಗೆ ಹೇಳಿದ್ದೇನೆ. "ಹಿಂದಿ ಒಂದ್ ಕಷ್ಟ ದೊಡ್ಡವ್ವ" ಅಂದಳು. ಪುಣೆಯಲ್ಲಿ ಕಲಿತ ಹಿಂದಿ ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಇನ್ನೂ ಎರಡೂವರೆ ವರ್ಷ ಇದೆ. ಹಿಂದಿ ಬಾಲ ಕಥೆಗಳ ಪುಸ್ತಕ ಎರಡು ಕಳಿಸಿಕೊಟ್ಟೆ.

ನನ್ನ ಹತ್ತಿರ ಈಗ ಒಂದು ನೋಟ್‌ಬುಕ್ ಇದೆ. ಸಾಲಿಗೆ ಹೋಗಿ ಮೂರನೇ ತರಗತಿಯ ಹಾಜರಿ ಪುಸ್ತಕದಿಂದ ಹೆಸರು ಬರೆದುಕೊಂಡು ಬಂದೆ. ಮಾಸ್ತರರೇ ಕೂತು ಹೇಳಿದರು, ಯಾರ ಮನೆಯವರು ದೀಪಾವಳಿ ನಂತರ ದುಡಿಯಲು ಹೋಗುತ್ತಾರೆ ಅಂತ. ಇಪ್ಪತ್ತೆರಡು ಮಕ್ಕಳಲ್ಲಿ ಒಂಬತ್ತು. ಹೆಸರಿನ ಮುಂದೆ ಅಜ್ಜಿ ಇದ್ದಾಳಾ, ದೊಡ್ಡಪ್ಪನ ಮನೆ ಇದೆಯಾ, ಬಿಟ್ಟು ಹೋದರೆ ರಾತ್ರಿ ಯಾರ ಹತ್ತಿರ ಮಲಗುತ್ತದೆ ಅಂತ ಬರೆದಿದ್ದೇನೆ. ಐದು ಮನೆಯವರು ಬಿಟ್ಟು ಹೋಗುತ್ತೇವೆ ಅಂದಿದ್ದಾರೆ. ಒಬ್ಬರು ಸಾಧ್ಯವೇ ಇಲ್ಲ ಅಂದರು. ಅವರಿಗೆ ಯಾರೂ ಇಲ್ಲ, ಅದು ನಿಜ. ಇನ್ನೊಂದು ಮನೆಯ ಹುಡುಗನ ಅಜ್ಜಿಗೆ ಕಣ್ಣು ಕಾಣುವುದಿಲ್ಲ, ಆದರೆ ಪಕ್ಕದ ಮನೆಯವರು ಊಟಕ್ಕೆ ಹಾಕುತ್ತೇವೆ ಅಂತ ಮುಂದೆ ಬಂದಿದ್ದಾರೆ. ಅದನ್ನೂ ಬರೆದುಕೊಂಡೆ.

ಇನ್ನು ಎರಡು ಮನೆ ಉಳಿದಿವೆ. ದೀಪಾವಳಿಗೆ ಹನ್ನೊಂದು ದಿನ ಇದೆ. ಅವರಿಬ್ಬರೂ ಹಗಲು ಹೊಲದಲ್ಲಿರುತ್ತಾರೆ, ಸೋಯಾ ಕೊಯ್ಲು ನಡೆದಿದೆ. ನಾಳೆ ದೀಪ ಹಚ್ಚುವ ಹೊತ್ತಿಗೆ ಹೋಗಬೇಕು.